ಒಂದು ಅಗುಳು ಬೆಂದಿತ್ತು

ಅಧ್ಯಕ್ಷೆ ಎಂದರೆ ಹಾರ ಹಾಕಿಸಿಕೊಂಡು ಕೂರುವವಳು ಎಂದುಕೊಳ್ಳಬೇಡಿ. ಐವತ್ತರ ದಶಕದ ಕೊನೆಯಲ್ಲಿ ಶಿವಮೊಗ್ಗದ ನಮ್ಮ ಮಹಿಳಾ ಸಮಾಜಕ್ಕೆ ನಾನು ಅಧ್ಯಕ್ಷೆ. ಅಕ್ಕಿ ಮೂಟೆಯನ್ನು ಬಸ್ಸಿನ ಮೇಲೆ ಹಾಕಿಸುವವಳೂ ನಾನೇ, ಅದಕ್ಕಾಗಿ ಕಂಡಕ್ಟರನ ಜೊತೆ ಜಗಳ ಕಾಯುವವಳೂ ನಾನೇ. ಊರಿನ ಹೆಂಗಸರು ದಿನಾ ಅನ್ನಕ್ಕಿಡುವ ಮೊದಲು ಒಂದು ಮುಷ್ಟಿ ಅಕ್ಕಿಯನ್ನು ನಮ್ಮ ಡಬ್ಬಿಗೆ ಹಾಕುತ್ತಿದ್ದರು. ನಮ್ಮ ಶಿಶುವಿಹಾರದ ನಲವತ್ತು ಮಕ್ಕಳ ಮಧ್ಯಾಹ್ನದ ಊಟ ಅದರಿಂದಲೇ ನಡೆಯುತ್ತಿತ್ತು.

ಆ ದಿನ ಮೊದಲ ಬಸ್ಸಿಗೇ ಭದ್ರಾವತಿಗೆ ಹೋದೆ. ಕಾರ್ಖಾನೆ ಕ್ವಾರ್ಟರ್ಸಿನ ತಮಿಳು ಹೆಂಗಸರು ಮೊದಲ ಸಲ ನಮಗಾಗಿ ಅಕ್ಕಿ ಕೂಡಿಸಿಟ್ಟಿದ್ದರು. ಮನೆಮನೆಯಲ್ಲೂ ಕಾಫಿ, ಬೇಡವೆಂದರೆ ಬೇಜಾರು. ಹತ್ತು ಗಂಟೆಗೆ ವಾಪಸು ಬಂದು, ಆ ಅಕ್ಕಿಯನ್ನು ನಮ್ಮ ಉಗ್ರಾಣದ ಪೆಟ್ಟಿಗೆಯಲ್ಲಿದ್ದ ಅಕ್ಕಿಯ ಮೇಲೆ ಸುರಿದು, ಎರಡೂ ಕೈಯಿಂದ ಕಲಸಿ, ಶಿಶುವಿಹಾರಕ್ಕೆ ನಲ್ಲಿ ಹಾಕಿಸುವ ಅರ್ಜಿ ಹಿಡಿದು ಮುನಿಸಿಪಾಲಿಟಿಗೆ ಓಡಿದೆ.

ಅಂದೇ ಹೊಸ ಅಡುಗೆಯವಳ ಪರೀಕ್ಷೆ. ಗಂಡ ಬಿಟ್ಟುಹೋದ ಮೇಲೆ ಪುಟ್ಟ ಮಗಳನ್ನು ಕಟ್ಟಿಕೊಂಡು ಬಂದಿದ್ದಳು. ನಮ್ಮ ಕಾರ್ಯದರ್ಶಿ ಉಂಡು ನೋಡಿ ಒಪ್ಪಿದರೆ ಅವಳಿಗೆ ಕೆಲಸ, ಹಿತ್ತಲಿನ ಕೋಣೆ ಎರಡೂ ಸಿಗುತ್ತಿದ್ದವು. ಒಪ್ಪದಿದ್ದರೆ ಎರಡೂ ಇಲ್ಲ.

ಹನ್ನೆರಡೂವರೆಗೆ ಬಂದು ಅನ್ನ ಬಾಯಿಗಿಟ್ಟೆ. ಅರ್ಧ ಮುದ್ದೆ, ಅರ್ಧ ಕಲ್ಲು.

"ಏನೇ ಇದು! ಒಂದು ಅಗುಳು ಹಿಸುಕಿ ನೋಡೋಕೂ ಬರಲ್ವಾ?" ಎಂದು ರೇಗಿದೆ.

"ನೋಡ್ದೆ ಅಮ್ಮಾ. ಒಂದು ಅಗುಳು ಬೆಂದಿತ್ತು, ಪಕ್ಕದ್ದು ಬೆಂದಿರ್ಲಿಲ್ಲ. ಬೆಳ್ತಿಗೆ ಅಕ್ಕಿ ಜೊತೆ ಕುಸುಬಲಕ್ಕಿ ಸೇರ್ಬಿಟ್ಟಿದೆ."

ತಮಿಳರ ಮನೆಗಳಲ್ಲಿ ಭತ್ತ ಬೇಯಿಸಿ ಒಣಗಿಸಿ ಮಾಡಿದ ಕುಸುಬಲಕ್ಕಿ ಉಣ್ಣುತ್ತಾರೆ, ನಮ್ಮ ಬಿಳಿ ಬೆಳ್ತಿಗೆಗಿಂತ ಅದು ಬೇಯಲು ಹೆಚ್ಚು ಹೊತ್ತು ಬೇಕು ಎಂಬುದು ನನಗೇನೂ ಗೊತ್ತಿಲ್ಲದ್ದಲ್ಲ. ಅವಸರದಲ್ಲಿ ಕಣ್ಣು ಹಾಯಿಸದೆ ಸುರಿದಿದ್ದೆ.

"ಮೊದ್ಲೇ ಹೇಳ್ಬಾರ್ದಿತ್ತಾ?"

"ತೊಳೆಯೋವಾಗ್ಲೇ ಕಂಡೆ. ಕಲಸಿದ್ದು ನೀವು. ನಾನು ನಿನ್ನೆ ಬಂದೋಳು, ಹೆಂಗೆ ಹೇಳ್ಲಿ?"

ನನಗೆ ನಾಚಿಕೆಯಾಯಿತು. ಅವಳು ಮಾತ್ರ ಕಣ್ಣೊರೆಸಿಕೊಂಡು, ಹಂಡೆಯ ಬಿಸಿನೀರನ್ನು ಅನ್ನಕ್ಕೆ ಹೊಯ್ದು ಒಲೆಯ ಉರಿ ಹೆಚ್ಚಿಸಿದಳು. ಬೆಳ್ತಿಗೆ ಅಕ್ಕಿ ಕರಗಿ ಗಟ್ಟಿ ಗಂಜಿಯಾಯಿತು, ಕುಸುಬಲಕ್ಕಿ ಅದರೊಳಗೆ ಇಡಿಯಾಗಿ ಅರಳಿತು. ಮೇಲೆ ಉಪ್ಪು, ಒಂದು ಚಮಚ ತುಪ್ಪ, ನಂಚಿಕೊಳ್ಳಲು ಮಾವಿನ ಉಪ್ಪಿನಕಾಯಿ. ಊಟ ಮುಕ್ಕಾಲು ಗಂಟೆ ತಡ. ಮಕ್ಕಳು ತಟ್ಟೆ ಬಡಿದರೂ, ಗಂಜಿ ಬಂದ ಮೇಲೆ ಅದೇ ತಟ್ಟೆ ನೆಕ್ಕಿದವು.

ರುಚಿ ನೋಡಲು ಬಂದು ಕೂತ ಕಾರ್ಯದರ್ಶಿ ಮುಖ ಗಂಟಿಕ್ಕಿದರು. "ಅನ್ನ ಮಾಡಕ್ಕೆ ಬರ್ದೆ ಗಂಜಿ ಕಾಸಿದ್ದಾಳಾ?"

ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಬಾಗಿಲ ಮರೆಯಲ್ಲಿ ಆ ತಾಯಿ ಮಗಳು ನಿಂತಿದ್ದರು. "ಅನ್ನ ಕೆಡಿಸಿದ್ದು ನಾನು, ಊಟ ಉಳಿಸಿದ್ದು ಅವಳು" ಎಂದು ನಡೆದದ್ದನ್ನೆಲ್ಲ ಹೇಳಿಬಿಟ್ಟೆ.

ಅವರು ನಕ್ಕು ನಕ್ಕು ಕೆಮ್ಮಿದರು. ಎರಡನೇ ಸಲ ಬಡಿಸಿಕೊಳ್ಳುತ್ತಾ, "ಇವಳಿರ್ಲಿ ಮಾರಾಯ್ತಿ. ಉಗ್ರಾಣದ ಬೀಗದ ಕೈ ಮಾತ್ರ ನಿನ್ನ ಹತ್ರ ಬೇಡ" ಎಂದರು.

ಸೆರಗಿನ ಗಂಟು ಬಿಚ್ಚಿ ಬೀಗದ ಕೈಯನ್ನು ಅಡುಗೆಯವಳಿಗೇ ಕೊಟ್ಟೆ. ಅಂದಿನಿಂದ ನಾನು ತಂದ ಮೂಟೆ ಬಾಗಿಲಲ್ಲೇ ಇಳಿಯುತ್ತಿತ್ತು. ಅವಳು ಬಂದು, ಒಂದು ಹಿಡಿ ಅಕ್ಕಿಯನ್ನು ಅಂಗೈಯಲ್ಲಿ ಹರಡಿ ನೋಡಿ, "ಈಗ ಒಳಗೆ ತನ್ನಿ ಅಮ್ಮಾ" ಎಂದ ಮೇಲೆಯೇ ಅಧ್ಯಕ್ಷೆಗೆ ಒಳಗೆ ಪ್ರವೇಶ.