ಹನ್ನೆರಡು ಸೂಜಿ, ಒಂದೇ ಮಾತು

ಬೆಳಗಿನ ಆರೂಕಾಲು. ಆಸ್ಪತ್ರೆಯ ನೆಲಮಾಳಿಗೆಯ ಕೊನೆಯ ಕೋಣೆಯಲ್ಲಿ ಟ್ಯೂಬ್‌ಲೈಟು ಎರಡು ಸಲ ಮಿಟುಕಿ ಹೊತ್ತಿಕೊಳ್ಳುತ್ತದೆ. ಒಳಗೆ ಬಂದ ಹೆಂಗಸು ಹೆಗಲ ಚೀಲವನ್ನೂ ಇಳಿಸದೆ ಮೇಜಿನ ಮೇಲಿನ ಕೆಂಪು ಸೂಜಿದಿಂಬನ್ನು ಎತ್ತಿ ಬೆಳಕಿಗೆ ಹಿಡಿಯುತ್ತಾರೆ. ಬೆರಳ ತುದಿ ಒಂದೊಂದೇ ಸೂಜಿಯ ತಲೆಯನ್ನು ಮುಟ್ಟುತ್ತ ಹೋಗುತ್ತದೆ. ತುಟಿ ಅಲುಗುತ್ತದೆ, ದನಿ ಹೊರಡುವುದಿಲ್ಲ. ಎಣಿಕೆ ಮುಗಿದ ಮೇಲೆ ಬಾಗಿಲ ಕಡೆ ತಿರುಗಿ ಗಟ್ಟಿಯಾಗಿ ಹೇಳುತ್ತಾರೆ: "ಹನ್ನೆರಡು."

ಬಾಗಿಲಲ್ಲಿ ಆಗಷ್ಟೇ ಬಂದು ನಿಂತ ಇನ್ನೊಬ್ಬ ಹೆಂಗಸು ಕೊಡೆಯನ್ನು ಮೊಳೆಗೆ ಸಿಕ್ಕಿಸಿ, ಅದೇ ದಿಂಬನ್ನು ತೆಗೆದುಕೊಂಡು ಮತ್ತೆ ಮೊದಲಿನಿಂದ ಎಣಿಸುತ್ತಾರೆ. "ಹನ್ನೆರಡು" ಎಂದು ದಿಂಬನ್ನು ಎರಡು ಮೇಜುಗಳ ನಡುವೆ ಇಡುತ್ತಾರೆ. ಇಬ್ಬರೂ ಕೂರುತ್ತಾರೆ. ಸಂಜೆ ನಾಲ್ಕಕ್ಕೆ ಮತ್ತೆ ದಿಂಬು ಎಣಿಸಿ ಮತ್ತೆ ಹನ್ನೆರಡು ಎನ್ನುವವರೆಗೆ ಆ ಕೋಣೆಯಲ್ಲಿ ಇವರಿಬ್ಬರ ನಡುವೆ ಬೇರೊಂದು ಮಾತು ಹುಟ್ಟುವುದಿಲ್ಲ. ಆರು ವರ್ಷದಿಂದ ಹೀಗೇ.

ಮೊದಲು ಬಂದವರು ಸೂಜಕ್ಕ. ಆಸ್ಪತ್ರೆಯ ದೊಡ್ಡ ಡಾಕ್ಟರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರೂ ಕರೆಯುವುದು ಹಾಗೆಯೇ. ಎರಡನೆಯವರು ಅವರ ವಾರಗಿತ್ತಿ, ಅಂದರೆ ಗಂಡನ ತಮ್ಮನ ಹೆಂಡತಿ. ಒಂದೇ ಮನೆಯ ಕೆಳಗೊಬ್ಬರು, ಮೇಲೊಬ್ಬರು. ಎರಡು ಜಡೆ ಸೇರುವುದಿಲ್ಲ ಎಂಬ ಹಳೆಯ ಗಾದೆಯನ್ನು ಮನೆಯಲ್ಲಿ ಕೇಳುತ್ತಲೇ ಬೆಳೆದವನು ನಾನು. ಆದರೆ ಸೇರದ ಎರಡು ಜಡೆ ದಿನಕ್ಕೆ ಒಂಬತ್ತೂಮುಕ್ಕಾಲು ಗಂಟೆ ಮೂರಡಿ ಅಂತರದಲ್ಲಿ ಕೂತು ಒಂದೇ ಕತ್ತರಿ ಬಳಸುವುದನ್ನು ನೋಡಿದ್ದು ಇದೇ ಮೊದಲು.

ನಾನು ಇಲ್ಲಿಗೆ ಬಂದದ್ದು ಜಗಳ ನೋಡಲು ಅಲ್ಲ. ಬದುಕನ್ನು ಹಸನು ಮಾಡುವ ಸಣ್ಣ ಅಭ್ಯಾಸಗಳ ಬಗ್ಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಹೇಳಿದ್ದರು. ಆ ವಿಷಯದ ಮೂರು ಪುಸ್ತಕಗಳು ನನ್ನ ಮೇಜಿನ ಮೇಲೆ ಬಹುಕಾಲದಿಂದ ಇವೆ. ಓದುವ ಅಭ್ಯಾಸ ಒಂದು ಆಗಿಬಿಟ್ಟರೆ ಓದಬೇಕು. ಅಷ್ಟರಲ್ಲಿ ಆಸ್ಪತ್ರೆಯ ಮೇಲ್ವಿಚಾರಕಿಯ ಫೋನು ಬಂತು. "ನಮ್ಮ ಸೂಜಕ್ಕನ ಬಗ್ಗೆ ಬರೀರಿ. ಮೂವತ್ತೊಂದು ವರ್ಷದ ಕೆಲಸ, ಒಂದು ಕಪ್ಪು ಚುಕ್ಕೆ ಇಲ್ಲ. ಈ ತಿಂಗಳ ಕೊನೆಗೆ ನಿವೃತ್ತಿ. ಹಾಗಂತಲೇ ಬರೆಸಿ ಪ್ರಶಸ್ತಿಪತ್ರ ಕೊಡ್ತಿದ್ದೀವಿ" ಎಂದರು.

ಹರಿದ ಬಟ್ಟೆ ಹೊಲಿಯುವುದು ಈ ಕೋಣೆಯ ಕೆಲಸ. ಒಗೆದು ಒಣಗಿದ ಬಟ್ಟೆ ತಳ್ಳುಗಾಡಿಯಲ್ಲಿ ಬರುತ್ತದೆ. ಹಾಸುಬಟ್ಟೆ, ದಿಂಬಿನ ಚೀಲ, ಜೇಬು ಕಿತ್ತ ಡಾಕ್ಟರ ಕೋಟು, ಲಾಡಿ ಕಳೆದುಕೊಂಡ ಪೈಜಾಮ, ಎಲ್ಲ ಸೇರಿ ದಿನಕ್ಕೆ ಅರವತ್ತೈದು ಎಪ್ಪತ್ತು. ಮೂಲೆಯಲ್ಲಿ ಹೊಲಿಗೆ ಯಂತ್ರ ಇದೆ, ಅಂಚಿಗೆ ಮಾತ್ರ. ತೇಪೆಯೆಲ್ಲ ಕೈಹೊಲಿಗೆ. ಯಾಕೆ ಇಷ್ಟು ಕಷ್ಟ ಎಂದು ಕೇಳಿದರೆ ಸೂಜಕ್ಕ ನನ್ನನ್ನು ಪಾಪ ಎನ್ನುವ ಹಾಗೆ ನೋಡುತ್ತಾರೆ. "ಮಷಿನ್ ಹೊಲಿಗೆ ಏಣು ಕಟ್ಟುತ್ತೆ. ನಾವು ನೀವು ಮಲಗಿದ್ರೆ ಗೊತ್ತಾಗಲ್ಲ. ತಿಂಗಳುಗಟ್ಟಲೆ ಮಲಗಿದಲ್ಲೇ ಇರೋರ ಬೆನ್ನನ್ನ ಕೇಳಿ ನೋಡಿ."

ಹೊಸ ಬಟ್ಟೆ ತರಿಸಿದರೆ ಈ ಕೆಲಸವೇ ಬೇಡವಲ್ಲ ಎಂದೆ. "ಹೊಸದು ಗಂಜಿ ಹಾಕಿದ ಹಾಗೆ ಗರಗರ ಅನ್ನುತ್ತೆ. ನೂರು ಸಲ ಒಗೆದದ್ದೇ ಕಾಯಿಲೆಯವರ ಮೈಗೆ ಹಿತ" ಎನ್ನುತ್ತಾ ಮುಗಿಸಿದ ತೇಪೆಯ ಮೇಲೆ ಅಂಗೈಯನ್ನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಸವರಿದರು. ಪ್ರತಿ ಬಟ್ಟೆಗೂ ಹೀಗೆ ಎರಡು ಸಲ ಸವರುವುದು ಅವರ ಅಭ್ಯಾಸ. ಅವರದು ಎಡಗೈ, ಅವರ ಹೊಲಿಗೆಗಳೆಲ್ಲ ಎಡಕ್ಕೆ ವಾಲುತ್ತವೆ, ವಾರಗಿತ್ತಿಯವು ಬಲಕ್ಕೆ. ಎರಡೂ ಮೇಜಿನ ಬಟ್ಟೆ ಕಲಸಿಟ್ಟರೂ ಯಾವುದು ಯಾರದು ಎಂದು ಕುರುಡರೂ ಬೆರಳಲ್ಲಿ ಮುಟ್ಟಿ ಹೇಳಬಹುದು.

ಅಭ್ಯಾಸಗಳ ಪಟ್ಟಿ ಕೊಡಿ ಎಂದರೆ ಸೂಜಕ್ಕನಿಗೆ ನಗು. "ಅದೇನು ಬರೆದಿಟ್ಟು ಮಾಡೋದಾ?" ನೋಡುತ್ತಾ ಕೂತರೆ ತಾವಾಗಿ ಕಾಣುತ್ತವೆ. ಹತ್ತು ಬಟ್ಟೆ ಮುಗಿದರೆ ಸೂಜಿ ಚುಚ್ಚಿಟ್ಟು ತಲೆ ಎತ್ತುತ್ತಾರೆ. ಗೋಡೆಯ ನೆತ್ತಿಯಲ್ಲಿರುವ ಕಿಟಕಿಯಿಂದ ಕಾಣುವುದು ರಸ್ತೆಯಲ್ಲಿ ಹೋಗುವವರ ಪಾದಗಳು ಮಾತ್ರ. ಇಪ್ಪತ್ತು ಜೊತೆ ಪಾದ ದಾಟುವವರೆಗೆ ಅವನ್ನೇ ನೋಡುತ್ತಾರೆ. ಕಣ್ಣಿಗೆ ದಣಿವಾರುತ್ತದಂತೆ, ಮನಸ್ಸಿಗೂ. "ಆಸ್ಪತ್ರೆಗೆ ಬರೋ ಕಾಲು, ಆಸ್ಪತ್ರೆಯಿಂದ ಹೋಗೋ ಕಾಲು ಬೇರೆ ಬೇರೆ ಥರ ನಡೆಯುತ್ವೆ. ನೋಡಿದ್ರೆ ನನ್ನ ಕಷ್ಟ ಏನು ಮಹಾ ಅನ್ಸುತ್ತೆ."

ಮನೆಗೆ ಹೋಗುವಾಗ ಹತ್ತಿರದ ದಾರಿ ಬಿಟ್ಟು ಸುತ್ತಿನ ದಾರಿ ಹಿಡಿಯುತ್ತಾರೆ. ಇಲ್ಲಿನ ಸಿಟ್ಟು ಅಲ್ಲಿಗೆ ಹೋಗಬಾರದು, ಅಲ್ಲಿನದು ಇಲ್ಲಿಗೆ ಬರಬಾರದು. ನಡುವೆ ಅದನ್ನು ಉದುರಿಸಲು ಅಷ್ಟು ದೂರ ಬೇಕು. ಅವರ ಗಂಡ ಬಸ್ಸಿನ ಚಾಲಕ, ದಿನವಿಡೀ ಹಾರನ್ ಕೇಳಿ ಬಂದವರು. ರಾತ್ರಿ ಊಟಕ್ಕೆ ಕೂತಾಗ ಇಬ್ಬರೂ ಅಂದು ತಾವು ಮಾಡಿದ ಒಂದು ತಪ್ಪನ್ನು ಹೇಳಬೇಕು, ಇನ್ನೊಬ್ಬರು ಅದಕ್ಕೆ ಬುದ್ಧಿ ಹೇಳುವಂತಿಲ್ಲ. ಮದುವೆಯಾದ ಹೊಸದರಲ್ಲಿ ಗಂಡನೇ ಶುರು ಮಾಡಿದ್ದು. "ಅವರದು ಯಾವಾಗಲೂ ಯಾರಿಗೋ ಬೈದೆ ಅನ್ನೋದೇ. ನಂದು ಉಪ್ಪು ಜಾಸ್ತಿ ಆಯ್ತು, ಗುಂಡಿ ಬೇರೆ ಬಣ್ಣದ್ದು ಹಾಕಿದೆ, ಇಂಥವು. ಸಣ್ಣಸಣ್ಣವು" ಎಂದು ಹೇಳಿ ಸೂಜಕ್ಕ ಮುಂದಿನ ಬಟ್ಟೆ ಎಳೆದುಕೊಂಡರು. ಅಭ್ಯಾಸದ ಪುಸ್ತಕಗಳಿಗೆ ಆಗುವಂಥ ಮಾತು ಸಿಕ್ಕಿತೆಂದು ನಾನು ಖುಷಿಯಿಂದ ಬರೆದುಕೊಂಡೆ.

ಮಾತು ಬಿಟ್ಟ ಕಾರಣ ಇಡೀ ಆಸ್ಪತ್ರೆಗೆ ಗೊತ್ತು. ಆರೂವರೆ ವರ್ಷದ ಹಿಂದೆ ಮಕ್ಕಳ ವಾರ್ಡಿನ ಹಾಸುಬಟ್ಟೆಯೊಂದರಲ್ಲಿ ನೀಲಿ ದಾರದ ಸಮೇತ ಸೂಜಿ ಉಳಿದುಬಿಟ್ಟಿತ್ತು. ಜ್ವರದ ಮಗುವಿನ ತೊಡೆಗೆ ಚುಚ್ಚಿತು. ಗಾಯ ದೊಡ್ಡದಲ್ಲ, ಆದರೆ ತಾಯಿಯ ಕೂಗು ಮೂರು ಮಹಡಿಗೂ ಕೇಳಿತು. ವಿಚಾರಣೆ ನಡೆಯಿತು. ಮಕ್ಕಳ ವಾರ್ಡಿನ ಬಟ್ಟೆ, ನೀಲಿ ದಾರ, ಎರಡೂ ಆಗ ವಾರಗಿತ್ತಿಯ ಮೇಜಿನವು. ಹೌದಾ ಎಂದು ಕೇಳಿದಾಗ ಸೂಜಕ್ಕ ಹೌದು, ಅವಳದೇ ಎಂದರು. ಆಕೆಯನ್ನು ಆರು ತಿಂಗಳು ಬಟ್ಟೆ ಕುದಿಸುವ ಕೋಣೆಗೆ ಹಾಕಿದರು. ಸೇವಾ ಪುಸ್ತಕದಲ್ಲಿ ಕೆಂಪು ಶಾಯಿಯ ಒಂದು ಸಾಲು ಬಿತ್ತು. ಆ ಸಾಲು ಇರುವವರೆಗೆ, ಸೂಜಕ್ಕ ಹೋದ ಮೇಲೂ ಈ ಕೋಣೆಯ ಜವಾಬ್ದಾರಿ ಆಕೆಗೆ ಸಿಗುವುದಿಲ್ಲ.

ಆಕೆ ಹಿಂತಿರುಗಿದ ದಿನದಿಂದ ಎಣಿಕೆಯ ನಿಯಮ ಬಂತು. ಒಬ್ಬರು ಎಣಿಸಿದರೆ ಕಣ್ಣು ತಪ್ಪಬಹುದು. ಇಬ್ಬರೂ ಎಣಿಸಬೇಕು, ಬಾಯಿಬಿಟ್ಟು ಹೇಳಬೇಕು. ನಿಯಮ ಮಾಡಿಸಿದ್ದು ಸೂಜಕ್ಕನೇ. ವರ್ಷಕ್ಕೆ ಮುನ್ನೂರು ದಿನ, ದಿನಕ್ಕೆ ಎರಡು ಸಲ ಎಂದು ಲೆಕ್ಕ ಹಾಕಿದರೆ, ಈ ವಾರಗಿತ್ತಿಯರು ಒಬ್ಬರಿಗೊಬ್ಬರು ಮೂರು ಸಾವಿರದ ಆರುನೂರು ಸಲ ಮಾತಾಡಿದ್ದಾರೆ. ಮನೆಯಲ್ಲಿ ಅದೂ ಇಲ್ಲ. ಅಣ್ಣತಮ್ಮಂದಿರು ಅನ್ಯೋನ್ಯವಾಗಿದ್ದಾರೆ, ಈ ವಿಷಯಕ್ಕೆ ಮಾತ್ರ ತಲೆ ಹಾಕುವುದಿಲ್ಲ, ತಲೆಯ ಮೇಲೆ ಇಬ್ಬರಿಗೂ ಆಸೆ ಇದೆ.

ವಾರಗಿತ್ತಿಯನ್ನು ಮಾತಾಡಿಸಿದ್ದು ಚಹಾದ ಬಿಡುವಿನಲ್ಲಿ. ನಮ್ಮ ಪತ್ರಿಕೆಯ ಪುರವಣಿಯನ್ನು ನಾಲ್ಕಾಗಿ ಮಡಚಿ ಪದಬಂಧ ತುಂಬುತ್ತಿದ್ದರು. ಪುರವಣಿಯಲ್ಲಿ ನಾನೂ ಬರೆಯುತ್ತೇನೆ ಎಂದೆ. "ಹೌದಾ? ನಾನು ಪದಬಂಧ ಬಿಟ್ಟು ಬೇರೇನೂ ಓದಲ್ಲ" ಎಂದರು, ಸ್ವಲ್ಪವೂ ಸಂಕೋಚವಿಲ್ಲದೆ. ಸೂಜಿಯ ವಿಷಯ ಎತ್ತಿದಾಗ ಪೆನ್ನು ನಿಂತಿತು. "ಆ ಸೂಜಿ ನಂದಲ್ಲ. ಅವತ್ತೂ ಇಷ್ಟೇ ಹೇಳಿದ್ದೆ. ಮತ್ತೆ ಯಾರದು ಅಂತ ಹೇಳೋದು ನನ್ನ ಕೆಲಸ ಅಲ್ಲ." ಮತ್ತೆ ಪದಬಂಧಕ್ಕೆ ಬಗ್ಗಿದರು.

ಅಂದು ಸಂಜೆ ಇನ್ನೊಂದು ಅಭ್ಯಾಸ ಕಣ್ಣಿಗೆ ಬಿತ್ತು. ನಾಲ್ಕು ಗಂಟೆಗೆ ಇಬ್ಬರೂ ಹನ್ನೆರಡು ಎಂದರು. ಸೂಜಕ್ಕ ಹೊರಟರು. ವಾರಗಿತ್ತಿ ಹೊರಡಲಿಲ್ಲ. ದಿಂಬನ್ನು ಹತ್ತಿರ ಎಳೆದುಕೊಂಡು ಹನ್ನೆರಡು ಸೂಜಿಗೂ ಒಂದೊಂದಾಗಿ ದಾರ ಪೋಣಿಸಿ, ಗಂಟು ಹಾಕಿ, ಮತ್ತೆ ಚುಚ್ಚಿಟ್ಟರು. ನಾಳೆಯ ಕೆಲಸ ಇವತ್ತೇ ಮಾಡುತ್ತೀರಾ ಎಂದೆ. "ಬೆಳಗ್ಗೆ ಕೆಲವರ ಕಣ್ಣಿಗೆ ಸೂಜಿಯ ತೂತು ಕಾಣಲ್ಲ" ಎಂದು ದೀಪ ಆರಿಸಿದರು.

ಅದನ್ನು ಸೂಜಕ್ಕನಿಗೆ ಹೇಳಬೇಕೋ ಬೇಡವೋ ಎಂದು ಯೋಚಿಸುತ್ತಲೇ ಗೇಟಿನವರೆಗೆ ಓಡಿದೆ. ಅವರು ಸುತ್ತಿನ ದಾರಿಯ ಮೊದಲ ಬೆಂಚಿನಲ್ಲಿ ಕೂತಿದ್ದರು. "ಪೋಣಿಸ್ತಿದ್ದಾಳಾ?" ಎಂದು ಅವರೇ ಕೇಳಿದರು. "ನನ್ನ ಕಣ್ಣು ಮಂಜಾಗಿದೆ ಅಂತ ಅವಳಿಗೆ ಗೊತ್ತು. ಅವಳಿಗೆ ಗೊತ್ತು ಅಂತ ನನಗೂ ಗೊತ್ತು. ಎರಡು ವರ್ಷ ಆಯ್ತು, ಸೂಜಿಗೆ ದಾರ ನಾನು ಪೋಣಿಸಿಲ್ಲ."

ಆಮೇಲೆ, ನಾನು ಏನೂ ಕೇಳದೆಯೇ, ರಾತ್ರಿ ಊಟದಲ್ಲಿ ಗಂಡನಿಗೂ ಹೇಳದ ತಪ್ಪನ್ನು ಹೇಳಿದರು.

"ಅವತ್ತು ಅವಳಿಗೆ ಹಲ್ಲುನೋವು. ನಾಲ್ಕು ಬೆಡ್‌ಶೀಟು ಉಳಿದಿತ್ತು. ನೀನು ಹೋಗು, ನಾನು ಮುಗಿಸ್ತೀನಿ ಅಂತ ನಾನೇ ಕಳಿಸಿದೆ. ವಿಚಾರಣೇಲಿ ಅವಳು ನನ್ನ ಹೆಸರು ಎತ್ತಲೇ ಇಲ್ಲ. ನಾನೇ ಹೇಳ್ತೀನಿ ಅಂತ ನನ್ನ ಮುಖ ನೋಡ್ತಾ ನಿಂತಿದ್ದಳು. ನಾನು ನೆಲ ನೋಡ್ತಾ ಹೌದು, ಅವಳದೇ ಅಂದೆ. ನಾನು ಹೊಲಿದ ನಾಲ್ಕರಲ್ಲಿ ಆ ಬೆಡ್‌ಶೀಟು ಇತ್ತೋ ಇಲ್ಲವೋ ಅಂತ ಆಗ ನೆನಪಿರಲಿಲ್ಲ. ನೆನಪು ಮಾಡಿಕೊಳ್ಳೋಕೆ ಇಷ್ಟ ಇರಲಿಲ್ಲ ಅನ್ನಿ."

ಪ್ರತಿ ಹಾಸುಬಟ್ಟೆಯ ಮೂಲೆಯಲ್ಲೂ ಶಾಯಿಯಲ್ಲಿ ಒಂದು ಸಂಖ್ಯೆ ಇರುತ್ತದೆ. ವಿಚಾರಣೆಯ ಕಾಗದದಲ್ಲಿದ್ದದ್ದು ಇನ್ನೂರ ಹದಿನಾಲ್ಕು. ಮೂರು ವರ್ಷದ ಹಿಂದೆ ಅದೇ ಬಟ್ಟೆ ಬೇರೆ ಕಡೆ ಹರಿದುಕೊಂಡು ಸೂಜಕ್ಕನ ಮೇಜಿಗೆ ಬಂತು. "ಹಳೇ ತೇಪೆ ಹಾಗೇ ಇತ್ತು. ಅಂಗೈ ಸವರಿದೆ. ಹೊಲಿಗೆ ಎಡಕ್ಕೆ ವಾಲಿತ್ತು. ಅವತ್ತು ಎಲ್ಲರೂ ಸೂಜಿ ನೋಡಿದ್ರು, ದಾರ ನೋಡಿದ್ರು, ಹೊಲಿಗೆ ಯಾರೂ ನೋಡಿರಲಿಲ್ಲ. ಸೂಜಿ ನಂದು." ಪಕ್ಕದ ಹರಿದ ಜಾಗಕ್ಕೆ ತೇಪೆ ಹಾಕಿ, ಎರಡು ಸಲ ಸವರಿ, ಬಟ್ಟೆಯನ್ನು ವಾರ್ಡಿಗೆ ಕಳಿಸಿದರಂತೆ.

ನನಗೆ ಸಿಟ್ಟು ಬಂತು, ನಿಜ ಹೇಳುತ್ತೇನೆ. ದಿನಕ್ಕೊಂದು ಸಣ್ಣ ತಪ್ಪು ಒಪ್ಪಿಕೊಂಡರೆ ದೊಡ್ಡದನ್ನು ಅದರ ಹಿಂದೆ ಎಷ್ಟು ವರ್ಷ ಬೇಕಾದರೂ ಬಚ್ಚಿಡಬಹುದು ಎಂದು ಯಾವ ಪುಸ್ತಕವೂ ಹೇಳುವುದಿಲ್ಲ. ಮೂರಡಿ ದೂರದಲ್ಲಿ ಕೂರುತ್ತೀರಿ, ಒಂದು ಮಾತು ಹೇಳಬಾರದಿತ್ತೇ ಎಂದು ಕೇಳಿಯೇಬಿಟ್ಟೆ.

ಅವರು ಬೇಸರಪಟ್ಟುಕೊಳ್ಳಲಿಲ್ಲ. "ದಿನಾ ಬೆಳಗ್ಗೆ ಹನ್ನೆರಡು ಅಂದ ಮೇಲೆ ಹೇಳಿಬಿಡ್ತೀನಿ ಅಂತಲೇ ಮನೆಯಿಂದ ಹೊರಡ್ತೀನಿ. ಹನ್ನೆರಡು ಅನ್ನೋದು ಬರುತ್ತೆ. ಮುಂದಿನದು ಬರಲ್ಲ. ಈ ತಿಂಗಳು ಮುಗಿದ್ರೆ ಆ ಹನ್ನೆರಡೂ ಇರಲ್ಲ." ಬೆಂಚಿನಿಂದ ಏಳುವಾಗ ಮೊಣಕಾಲು ಹಿಡಿದುಕೊಂಡರು. "ಆಫೀಸಿಗೆ ಇವತ್ತು ಬೆಳಗ್ಗೆ ಬರೆದು ಕೊಟ್ಟಿದ್ದೀನಿ. ಕಪ್ಪು ಚುಕ್ಕೆ ಇಲ್ಲ ಅಂತ ಬರೆಸಬೇಡಿ, ಆ ಕೆಂಪು ಸಾಲು ಅವಳ ಸೇವಾ ಪುಸ್ತಕದಿಂದ ತೆಗೆದು ನನ್ನದಕ್ಕೆ ಹಾಕಿ ಅಂತ."

ಮರುದಿನ ಮೇಲ್ವಿಚಾರಕಿಯನ್ನು ವಿಚಾರಿಸಿದೆ. ಪತ್ರ ಬಂದಿದೆ, ಪರಿಶೀಲಿಸುತ್ತೇವೆ ಎಂದಷ್ಟೇ ಹೇಳಿದರು. ಪ್ರಶಸ್ತಿಪತ್ರದ ಮಾತು ಎತ್ತಲಿಲ್ಲ. ಕೆಳಗೆ ಸೂಜಕ್ಕ ಎಂದಿನಂತೆ ಎಡಗೈಯಲ್ಲಿ ಹೊಲಿಯುತ್ತಿದ್ದರು, ಪಕ್ಕದ ಮೇಜಿನಿಂದ ಕತ್ತರಿ ಬರುತ್ತಿತ್ತು, ಹೋಗುತ್ತಿತ್ತು.

ಇದನ್ನೆಲ್ಲ ಬರೆಯಬಹುದೇ ಎಂದು ಹೊರಡುವ ಮುನ್ನ ಕಾರಿಡಾರಿಗೆ ಕರೆದು ಕೇಳಿದೆ. ಸೂಜಕ್ಕ ತಲೆಯಾಡಿಸಿದರು. "ಬರೀರಿ. ಹೆಸರು ಬೇಡ, ಫೋಟೋ ಬೇಡ. ಸೂಜಿ ನಂದು ಅನ್ನೋದು ಮಾತ್ರ ಬಿಡಬೇಡಿ." ಎರಡು ಹೆಜ್ಜೆ ಒಳಗೆ ಹೋದವರು ತಿರುಗಿ ಬಂದು ದನಿ ತಗ್ಗಿಸಿದರು. "ಇನ್ನೊಂದು. ಪದಬಂಧ ಇರೋ ಪುಟದಲ್ಲೇ ಹಾಕಿಸ್ತೀರಾ? ಅವಳು ಬೇರೆ ಪುಟ ಓದಲ್ಲ."

ಸಂಪಾದಕರು ಮೊದಲು ನಕ್ಕರು, ಆಮೇಲೆ ಪುಟ ಬದಲಿಸಿಕೊಟ್ಟರು. ಈ ವಾರದ ಪದಬಂಧ ಇದರ ಕೆಳಗೇ ಇದೆ.