ಪರದೆಯೊಳಗಿನ ಅಕ್ಕೋರು

ಸರೋಜಾ ಅಕ್ಕೋರು ಸೀಮೆಸುಣ್ಣವನ್ನು ಬೆರಳುಗಳಲ್ಲಿ ಹಿಡಿಯುತ್ತಿರಲಿಲ್ಲ. ಒನಕೆ ಹಿಡಿದಂತೆ ಮುಷ್ಟಿಯಲ್ಲಿ ಹಿಡಿಯುತ್ತಿದ್ದರು. ಚಿಕೂನ್‌ಗುನ್ಯಾ ಬಂದು ಹೋದ ಮೇಲೆ ಅವರ ಎರಡೂ ಕೈಗಳ ಬೆರಳುಗಳು ಮಡಚಿಕೊಂಡವು, ಮತ್ತೆ ಪೂರ್ತಿ ಬಿಚ್ಚಲಿಲ್ಲ. ಹೀಗಾಗಿ ಹಲಗೆಯ ಮೇಲೆ ಅವರ ಅಕ್ಷರಗಳು ಕುಂಬಳಕಾಯಿಯಷ್ಟು ದೊಡ್ಡವು. ‘ಜೀವಕೋಶ’ ಎಂದು ಬರೆದರೆ ಹಲಗೆ ಮುಗಿಯುತ್ತಿತ್ತು. ಬರೆಯುತ್ತಿದ್ದುದು ಬಲಗೈಯಲ್ಲಿ ಎಂದು ನನ್ನ ನೆನಪು. ಎಡಗೈ ಎಂದು ನನ್ನ ಜೊತೆ ಓದಿದ ಬಸು ವಾದಿಸುತ್ತಾನೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನಾನು ಕಣ್ಣಾರೆ ಕಂಡೆವೆನ್ನುವವರ ಮಾತನ್ನು ಸುಲಭಕ್ಕೆ ನಂಬುವವನಲ್ಲ. ನನ್ನದನ್ನಂತೂ ಇನ್ನೂ ಕಡಿಮೆ.

ಕಲಘಟಗಿಯಿಂದ ಕಾಡಿನ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಶಾಲೆಯ ಹಿಂದೆ ಹನಮಪ್ಪನ ಗುಡಿ, ಗುಡಿಯ ಸುತ್ತ ಹಳೆಯ ಹುಣಸೆಮರಗಳು, ಮರಗಳ ತುಂಬ ಮಂಗಗಳು. ಅಕ್ಕೋರು ಕಿಟಕಿಯಿಂದಾಚೆ ಆ ಮುಷ್ಟಿ ಚಾಚಿ ಕೇಳುತ್ತಿದ್ದರು:

“ಜ್ವರ ಊರು ಬಿಟ್ಟು ಹೋತು ಅಂತೀರಿ. ಎಲ್ಲಿಗೆ ಹೋತು? ಬಸ್ ಹತ್ತಿ ಹುಬ್ಬಳ್ಳಿಗೆ ಹೋತೇನ್ಲೇ?”

ನಾವು ನಗುತ್ತಿದ್ದೆವು. ಅವರು ನಗುತ್ತಿರಲಿಲ್ಲ. ಚಿಕೂನ್‌ಗುನ್ಯಾ ಇರಲಿ, ಡೆಂಗಿ ಇರಲಿ, ಸೊಳ್ಳೆ ಕಚ್ಚಿದ ಮಂಗದ ರಕ್ತದಲ್ಲಿ ವೈರಸ್ ಕೆಲವೇ ದಿನ ಇರುತ್ತದೆ. ಆಮೇಲೆ ಅದೇ ಜ್ವರ ಆ ಮಂಗಕ್ಕೆ ಮತ್ತೆ ಬರುವುದು ಅಪರೂಪ. ಹಾಗಾಗಿ ವೈರಸ್ಸಿಗೆ ಸದಾ ಹೊಸ ಮೈ ಬೇಕು. ಈಗಷ್ಟೇ ಹುಟ್ಟಿದ ಮರಿ, ಇಲ್ಲವೇ ಆಚೆ ಗುಡ್ಡದ ಇನ್ನೊಂದು ಹಿಂಡು. ಬೇಸಿಗೆಯಲ್ಲಿ ಸೊಳ್ಳೆಗಳು ಸತ್ತರೂ ಮರದ ಪೊಟರೆಗೆ ಅಂಟಿದ ಮೊಟ್ಟೆಗಳೊಳಗೆ ಅದು ಮಳೆಗೆ ಕಾಯಬಲ್ಲದು. ನಾವು ಮರೆತಿರುವಷ್ಟು ಕಾಲವೂ ಅದು ಮರದ ಮೇಲೆ ಹೀಗೆ ಸುತ್ತುತ್ತಿರುತ್ತದೆ ಎಂದು ಅಕ್ಕೋರು ಹೇಳುತ್ತಿದ್ದರು.

ಧಾರವಾಡದಲ್ಲಿ ಎಂಎಸ್ಸಿ ಮುಗಿಸಿ ಬಂದ ಹೊಸತರಲ್ಲಿ ನಾನು ತಕರಾರು ತೆಗೆದೆ. “ಅದು ಬ್ಯಾರೆ ದೇಶದ ಕಾಡಿನ ಕತಿ ರೀ ಅಕ್ಕಾರ. ನಮ್ಮ ಕಾಡಾಗ ಯಾರು ನೋಡ್ಯಾರ?”

“ಯಾರೂ ನೋಡಿಲ್ಲ. ಮತ್ತ ನಿನ್ನ ಯಾಕ ಓದಿಸೀನಿ?”

ಕೆಲವು ವರ್ಷಗಳ ಮೇಲೆ ಜ್ವರ ಮತ್ತೆ ಬಂತು. ಬಸು ಆಗ ಪಂಚಾಯತಿ ಮೆಂಬರ್. ಮಂಗಗಳನ್ನು ಹಿಡಿಸಿ ಅಳ್ನಾವರದಾಚೆಯ ಕಾಡಿಗೆ ಬಿಡುವುದೆಂದು ಗುಡಿಯ ಕಟ್ಟೆಯ ಮೇಲೆ ಮಾತಾಯಿತು. ನಿವೃತ್ತರಾಗಿದ್ದ ಅಕ್ಕೋರು ಸುದ್ದಿ ಕೇಳಿ ಧಾವಿಸಿ ಬಂದರು.

“ಬಸ್ಯಾ, ಇವಕ್ಕ ಜ್ವರ ಬಂದು ಹೋಗೇತಿ. ಬಾಗಲಿಗೆ ಚಿಲಕ ಇದ್ದಂಗ ಇವು. ಇವನ್ನ ತಗದ್ರ ಜ್ವರಾನ ಕಾಣದ ಹಿಂಡು ಬಂದು ಕೂಡ್ರತೈತಿ.”

“ಮಂಗ್ಯಾನ ಮೈಯಾಗ ಜ್ವರ ಇರತೈತಿ ಅಂತ ನೀವ ಕಲಿಸಿದ್ರಲ್ರೀ.”

“ಅರ್ಧಾ ಪಾಠ ಕೇಳಿ ಹೊರಗ ಓಡ್ತಿದ್ದೆಲ್ಲೋ ಖೋಡಿ.”

ಎಲ್ಲರೂ ನಕ್ಕರು. ಅಕ್ಕೋರು ನನ್ನ ಕಡೆ ತಿರುಗಿದರು. “ನೀ ಹೇಳಪಾ.”

ಹಾಗಿರಬಹುದು, ಆದರೆ ಮಂಗಗಳ ರಕ್ತ ಪರೀಕ್ಷಿಸದೆ ಖಚಿತವಾಗಿ ಹೇಳಲಾಗದು ಎಂದೆ.

“ನೋಡ್ರಿ, ಕಾಲೇಜಿನವರಿಗೂ ಗೊತ್ತಿಲ್ಲ,” ಎಂದ ಬಸು. ಇವತ್ತು ಕೇಳಿದರೂ ನಾನು ಬೇರೆ ಹೇಳಲಾರೆ.

ಬೋನು ಬಂತು, ಶೇಂಗಾ ಚೆಲ್ಲಿದರು. ತುಂಬಿದ ಬೋನಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, “ತಪ್ಪು ತಿಳೀಬ್ಯಾಡಪಾ ಹನಮಪ್ಪಾ” ಎಂದು ಊರವರು ಕೈಮುಗಿದರು. ಕಾಯಿಯ ಚೂರುಗಳನ್ನು ಒಳಗಿನವು ಕಿತ್ತಾಡಿ ತಿಂದವು. ಟೆಂಪೋ ಹೋದ ಮೇಲೂ ಅಕ್ಕೋರು ಕಟ್ಟೆಯ ಮೇಲೆ ಕೂತೇ ಇದ್ದರು.

ಮರುವರ್ಷದ ಬೇಸಿಗೆಗೆ ಅದೇ ಹುಣಸೆಮರಗಳಲ್ಲಿ ಬೇರೆ ಮಂಗಗಳು ಕಂಡವು. ಹೊಟ್ಟೆಗೆ ಮರಿ ಅಂಟಿಸಿಕೊಂಡ ತಾಯಂದಿರೇ ಹೆಚ್ಚು.

“ನೋಡು, ಹೊಸಾ ಅಡ್ಮಿಷನ್,” ಎಂದರು ಅಕ್ಕೋರು.

ಆ ಮಳೆಗಾಲದಲ್ಲಿ ಅವರಿಗೇ ಡೆಂಗಿ ಬಂತು. ಮಂಗಗಳಿಂದ ಬಂತೆಂದು ನಾನು ಹೇಳುವುದಿಲ್ಲ. ಊರಿನ ನೀರಿನ ಡ್ರಮ್ಮುಗಳಲ್ಲಿ ಹುಟ್ಟಿದ ಸೊಳ್ಳೆಯೇ ಸಾಕು. ಮಂಗಗಳಿಂದಲೆಂದು ಅವರೂ ಹೇಳಲಿಲ್ಲ. ನಾನೂ ಬಸುವೂ ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ಯಲು ಅವನ ಕಾರಿನಲ್ಲಿ ಹೋದಾಗ, ಹಾಡಹಗಲೇ ಸೊಳ್ಳೆಪರದೆಯೊಳಗೆ ಕೂತಿದ್ದರು.

“ಜ್ವರ ಬಂದಾತಲ್ರೀ ಅಕ್ಕಾರ, ಇನ್ನ ಪರದಿ ಯಾಕ?” ಎಂದ ಬಸು.

“ಈಗ ಮಂಗ್ಯಾನ ಪಾಳಿ ನಂದು. ನನ್ನ ಕಚ್ಚಿದ್ದು ಬಾಜೂ ಮನಿಗೆ ಹೋಗಬಾರದು.”

ಬಸು ಅಳುತ್ತ ಪರದೆ ಎತ್ತಿ ಅವರ ಕಾಲು ಹಿಡಿದ. “ಪರದಿ ಬಿಡೋ ಬಸ್ಯಾ” ಎಂದು ಅಕ್ಕೋರು ಗದರುವಷ್ಟರಲ್ಲಿ ಒಂದು ಸೊಳ್ಳೆ ಒಳಗೆ ಹೋಗಿತ್ತು. ಅವರ ಮೊಣಕೈಯ ಹಿಂಬದಿಗೆ ಕೂತು, ಸಾವಕಾಶ ಎದ್ದಿತು. ಅಕ್ಕೋರು ಚಪ್ಪಾಳೆ ಹೊಡೆದರು. ಅಂಗೈಗೆ ಅಂಗೈ ಕೂಡಲಿಲ್ಲ. ಎರಡು ಮುಷ್ಟಿಗಳು ಬಡಿದುಕೊಂಡವು, ಅಷ್ಟೇ. ಮತ್ತೆ ಹೊಡೆದರು. ಆ ಮಡಚಿದ ಬೆರಳುಗಳ ಸಂದಿಯಿಂದ ಸೊಳ್ಳೆ ಮೇಲೇರಿತು.

“ನನ್ನ ಕುಡದೈತಿ ಅದು. ಹೊರಗ ಬಿಡಬ್ಯಾಡ್ರೋ.”

ನಾನು ಪರದೆಯೊಳಗೆ ತಲೆ ತೂರಿಸಿ ಹೊಡೆದೆ.

“ಸತ್ತಿತೇನಪಾ?”

“ಸತ್ತಿತ್ರಿ.”

ಅವರು ಕಣ್ಣು ಮುಚ್ಚಿ ದಿಂಬಿಗೆ ಒರಗಿದರು. ಹುಬ್ಬಳ್ಳಿಗೆ ಹೋದವರು ಜೀವಂತ ಮರಳಲಿಲ್ಲ.

ನನ್ನ ಅಂಗೈಯಲ್ಲಿ ಆಗ ಒಂದು ಕೆಂಪು ಚುಕ್ಕೆ ಇತ್ತು ಎಂದು ನೆನಪು. ಆದರೆ ಅದು ನನಗೆ ಬೇಕಾದ ನೆನಪು, ಅದಕ್ಕೇ ನಂಬಲಾರೆ. ಮುಂದಿನ ತಿಂಗಳು ಬಾಜೂ ಮನೆಯ ಹುಡುಗಿ ಡೆಂಗಿಯಿಂದ ಮಲಗಿದಳು, ಅವಳು ಉಳಿದಳು. ಚುಕ್ಕೆ ಇತ್ತೋ ಇಲ್ಲವೋ ಎಂದು ಬಸುವನ್ನು ಕೇಳಿದೆ. ಅವನು ಅಕ್ಕೋರ ಕಾಲು ಹಿಡಿದು ಅಳುತ್ತಿದ್ದ, ನೋಡಿಲ್ಲವಂತೆ.