ಪರದೆಯ ಹಿಂದೆ ಅಮ್ಮನ ದನಿ

"ಮೊದಲು ಕೈ ತೊಳಿ. ಅವಸರ ಬೇಡ ಮಾರಾಯ, ನಾನಿಲ್ಲೇ ಇದ್ದೀನಿ."

ಭದ್ರಾವತಿಯ ಬೇಕರಿಯೊಂದರ ಒಳಕೋಣೆಯಿಂದ ಬಂದ ಆ ದನಿ ನನ್ನ ಅಮ್ಮನದು. ಅಮ್ಮ ತೀರಿಕೊಂಡು ಮೂರು ತಿಂಗಳಾಗಿತ್ತು. ಅವಳು ಕೆಲಸ ಮಾಡುತ್ತಿದ್ದ ಬೇಕರಿಯಿಂದ ಅವಳ ಏಪ್ರನ್ ತರಲೆಂದು ಶಿವಮೊಗ್ಗದಿಂದ ಹೋಗಿದ್ದೆ. ಮಾತಿನ ಕೊನೆಗೆ ಅವಳು ಎಳೆಯುತ್ತಿದ್ದ ಉಸಿರು ಕೂಡ ಹಾಗೇ ಇತ್ತು. ಯಾರದೋ ಕೆಟ್ಟ ತಮಾಷೆಯೆಂದು ಸಿಟ್ಟೂ ಬಂತು.

ಪರದೆ ಸರಿಸಿದೆ. ಗಡ್ಡ ನರೆತ ಒಬ್ಬರು ಹಿಟ್ಟಿನ ಮುಂದೆ ನಿಂತು, ಗೋಡೆ ನೋಡುತ್ತ, ಅಮ್ಮನ ದನಿಯಲ್ಲಿ ಆ ಮಾತನ್ನು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಉಳಿದವರೆಲ್ಲ ರೇಡಿಯೊ ಆಫ್ ಮಾಡಿ, ಕೈಕಟ್ಟಿ ಕಾಯುತ್ತಿದ್ದರು.

"ನಾಗರಾಜಣ್ಣಂಗೆ ಆಟಿಸಂ ಇದೆ ಅಕ್ಕಾ," ಮಾಲೀಕರು ಪಿಸುಗುಟ್ಟಿದರು. "ಕೆಲಸ ಕಲಿಸಿದ್ದು ನಿಮ್ಮಮ್ಮ, ಇದೇ ಮಾತು ಹೇಳ್ತಾ. ನಾವು ಹೇಳಿದ್ರೆ ಅವರ ಕೈಯೇ ಓಡಲ್ಲ. ಅದಕ್ಕೇ ಆ ಮಾತು ಮುಗಿಯೋವರೆಗೂ ನಾವ್ಯಾರೂ ಸದ್ದು ಮಾಡಲ್ಲ."

ಅಮ್ಮನ ಏಪ್ರನ್ ನಾಗರಾಜಣ್ಣನ ಪಕ್ಕದ ಮೊಳೆಯಲ್ಲೇ ಇತ್ತು. ಅಲ್ಲೇ ಬಿಟ್ಟು ಬಂದೆ. ಈಗ ಪ್ರತಿ ಶನಿವಾರ ಬಸ್ ಹತ್ತಿ ಆ ಬೇಕರಿಗೆ ಬ್ರೆಡ್ ತರಲು ಹೋಗುತ್ತೇನೆ. ನಮ್ಮ ಮನೆಯಲ್ಲಿ ಬ್ರೆಡ್ ತಿನ್ನುವವರು ಯಾರೂ ಇಲ್ಲ.